ಬಾನೆಟ್ ಒಳಗೆ ನೀರು ಹೊಡೆದ ಮೇಲೆ: ಕಾಸರಗೋಡಿನ ಒಂದು ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಒಳನಾಡಿನ ಒಂದು ಅಡಕೆ ತೋಟದ ಮನೆಯ ಕಾರಿನ ವಿಷಯ. ಗಾಡಿಯ ಯಜಮಾನರು ನಿವೃತ್ತ ಕನ್ನಡ ಮಾಷ್ಟ್ರು. ಊರು ಯಾವುದು, ಗಾಡಿ ಯಾವ ಕಂಪೆನಿಯದ್ದು, ನೀರು ಹೊಡೆದದ್ದು ಎಲ್ಲಿ ಎಂದು ಹೇಳುವುದಿಲ್ಲ. ಗುರುತು ಸಿಗುವಂಥ ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಮಾಷ್ಟ್ರು ಒಪ್ಪಿದ್ದಾರೆ. ನಾನು ಇದೇ ಕಡೆ ಗ್ಯಾರೇಜ್ ನಡೆಸುವವನು. ಗಾಡಿ ನನ್ನ ಕೈಗೆ ಬಂದದ್ದು ಕೆಟ್ಟ ಮೇಲೆ.

ಇದನ್ನು ಬರೆಯಲು ಕಾರಣ ಉಂಟು. ಮಳೆಗಾಲ ಮುಗಿದ ಕೂಡಲೇ ನಮ್ಮಲ್ಲಿ ಎಲ್ಲರೂ ಗಾಡಿಗೆ ವಾಟರ್ ಸರ್ವಿಸ್ ಮಾಡಿಸುತ್ತಾರೆ. ಹಾಗೆಯೇ "ಬಾನೆಟ್ ಒಳಗೂ ಒಂದು ಸಲ ಹೊಡೆದುಬಿಡಿ" ಎನ್ನುತ್ತಾರೆ. ಎಷ್ಟೋ ಗಾಡಿಗಳಿಗೆ ಏನೂ ಆಗುವುದಿಲ್ಲ. ಆದದ್ದು ಯಾಕೆ ಆಯಿತು ಎಂದು ಬಿಡಿಸಿ ನೋಡಿದರೆ, ಆಗದ ಗಾಡಿಗಳು ಹೇಗೆ ಪಾರಾದವು ಎಂಬುದೂ ತಿಳಿಯುತ್ತದೆ.

ಗಾಡಿ ಮತ್ತು ಮನೆ

ನಾಲ್ಕು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು. ಹತ್ತು ವರ್ಷದ ಆಸುಪಾಸಿನ ಪ್ರಾಯ. ಮಾಷ್ಟ್ರು ವರ್ಷವಿಡೀ ಜಾಸ್ತಿ ಓಡಿಸುವವರಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೆಚ್ಚಾಗಿ ಶೀಟಿನ ಶೆಡ್ಡಿನಲ್ಲೇ ಇತ್ತು. ಶೆಡ್ಡಿನ ಒಂದು ಬದಿಯಲ್ಲಿ ಅಡಕೆ ಸಿಪ್ಪೆಯ ರಾಶಿ, ಇನ್ನೊಂದು ಬದಿಯಲ್ಲಿ ಒಣಗಿದ ಹಾಳೆ ಮತ್ತು ತೆಂಗಿನ ಸೋಗೆ. ಮಳೆ ಜೋರಾದರೆ ತೋಟದ ಇಲಿಗಳು ಒಣ ಜಾಗ ಹುಡುಕಿಕೊಂಡು ಬರುವುದು ಇಂಥ ಕಡೆಗೇ.

ಅಕ್ಟೋಬರಿನಲ್ಲಿ ಗಾಡಿ ಮಾರುವ ಮಾತಾಯಿತು. ಕೊಳ್ಳುವವರು ಸಾಲ ಮಾಡುತ್ತಿದ್ದರು. ಸಾಲ ಕೊಡುವವರಿಗೆ ಚೇಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಉಜ್ಜಿ ತೆಗೆದ ಪೆನ್ಸಿಲ್ ಪ್ರಿಂಟ್ ಬೇಕಿತ್ತು. ಈ ಗಾಡಿಯಲ್ಲಿ ನಂಬರ್ ಇರುವುದು ಬಾನೆಟ್ ಒಳಗೆ, ಹಿಂಬದಿಯ ತಗಡಿನ ಮೇಲೆ. ಅದರ ಮೇಲೆ ಎಣ್ಣೆ ಮತ್ತು ಕೆಂಪು ಧೂಳು ಸೇರಿ ದಪ್ಪ ಪದರ ಕಟ್ಟಿತ್ತು. ತಲಪಾಡಿಯಿಂದ ಈಚೆಗೆ ಹೆದ್ದಾರಿ 66 ಅಗಲ ಮಾಡುವ ಕೆಲಸ ನಡೆಯುವಾಗ ಆ ದಾರಿಯಲ್ಲಿ ಓಡಾಡಿದವರಿಗೆ ಈ ಧೂಳು ಗೊತ್ತಿರುತ್ತದೆ. ನಂಬರ್ ಕಾಣಲಿಲ್ಲ. ಗಾಡಿ ನೋಡಲು ಬರುವವರ ಎದುರು ಎಂಜಿನ್ ಚಂದ ಕಾಣಬೇಕು ಎಂಬ ಆಸೆಯೂ ಇತ್ತು. ಮಾಷ್ಟ್ರ ಸೋದರಳಿಯ ಗಾಡಿಯನ್ನು ಪೇಟೆಗೆ ತೆಗೆದುಕೊಂಡು ಹೋದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇಕಾದದ್ದು ಅಂಗೈ ಅಗಲದ ಜಾಗ ಶುಚಿಯಾಗುವುದು. ಒಂದು ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸೋಪು ನೀರು ಇದ್ದರೆ ಅಂಗಳದಲ್ಲೇ ಆಗುತ್ತಿತ್ತು. ಮುಂದೆ ಆದ ಎಲ್ಲವೂ "ಹೇಗೂ ಹೋಗುತ್ತಿದ್ದೇವೆ, ಪೂರ್ತಿ ತೊಳೆಸಿಬಿಡೋಣ" ಎಂಬ ಒಂದು ತೀರ್ಮಾನದಿಂದ ಆದದ್ದು.

ತೊಳೆದದ್ದು ಹೇಗೆ

ಮನೆಯಿಂದ ಪೇಟೆಗೆ ಸುಮಾರು ಇಪ್ಪತ್ತು ಕಿಲೋಮೀಟರ್, ನಡುವೆ ಚಡಾವು. ಗಾಡಿ ಬಿಸಿಯಾಗಿಯೇ ತಲುಪಿತು. ಸರದಿಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ತಣಿಯಲು ಬಿಡದೆ ಕೂಡಲೇ ಬಾನೆಟ್ ಎತ್ತಿದರು. ಮೊದಲು ಏರ್ ಗನ್ನಿನಲ್ಲಿ ಡೀಸೆಲ್ ಸಿಂಪಡಿಸಿದರು. ಆಮೇಲೆ ಪ್ರೆಶರ್ ಗನ್ನಿನಲ್ಲಿ ನೀರು. ಫ್ಯೂಸ್ ಬಾಕ್ಸ್, ಡೈನಮೋ, ಏರ್ ಫಿಲ್ಟರಿನ ಬಾಯಿ ಯಾವುದಕ್ಕೂ ಪ್ಲಾಸ್ಟಿಕ್ ಕಟ್ಟಲಿಲ್ಲ. ಬ್ಯಾಟರಿ ಬಿಚ್ಚಲಿಲ್ಲ.

ಬಿಸಿ ಎಂಜಿನ್ ಮೇಲೆ ಡೀಸೆಲ್ ಸಿಂಪಡಿಸುವುದು ಇದರಲ್ಲೆಲ್ಲ ಕೆಟ್ಟದ್ದು. ಡೀಸೆಲ್ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುವ ಬಿಸಿ 210 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ಶುರು. ಚಡಾವು ಹತ್ತಿ ಬಂದ ಗಾಡಿಯಲ್ಲಿ ಎಂಜಿನ್ನಿನ ಬಿಸಿ ಹೊಗೆ ಹೊರಗೆ ಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಗಾಳಿಯಲ್ಲಿ ಮಂಜಿನಂತೆ ಹರಡಿದ ಡೀಸೆಲ್ ಬೇಗ ಹೊತ್ತುತ್ತದೆ. ಬ್ಯಾಟರಿ ಜೋಡಿಸಿಯೇ ಇದ್ದರೆ ಕಿಡಿಗೂ ದಾರಿ ಉಂಟು. ಅಲ್ಲಿ ಬೆಂಕಿ ಆಗಲಿಲ್ಲ. ಹುಡುಗನಿಗೂ ಕೆಲಸದವರಿಗೂ ಏನೂ ಆಗಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಸಂಗತಿ ಇದು.

ನೀರಿನ ವಿಷಯಕ್ಕೆ ಬರೋಣ. "ಮಳೆಯಲ್ಲಿ ಓಡುವ ಗಾಡಿಗೆ ನೀರು ಹೊಡೆದರೆ ಎಂತ ಆಗ್ತದೆ?" ಎಂದು ಜನ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಬಾನೆಟ್ ಒಳಗೆ ವಯರುಗಳನ್ನು ಜೋಡಿಸುವ ಎಷ್ಟೋ ಕಪ್ಲರ್‌ಗಳಿಗೆ ರಬ್ಬರ್ ಸೀಲ್ ಇರುತ್ತದೆ. ಅವುಗಳಲ್ಲಿ ಒಳ್ಳೆಯವು ಐಪಿ 67 ದರ್ಜೆಯವು. ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗಬಾರದು. ಒಂದು ಮೀಟರ್ ನೀರಿನ ಒತ್ತಡ ಒಂದು ಬಾರ್‌ನ ಹತ್ತನೇ ಒಂದು ಪಾಲು ಮಾತ್ರ. ಪ್ರೆಶರ್ ಗನ್ನಿನ ಪಂಪು ನೂರು ಬಾರ್ ಸುತ್ತಮುತ್ತ ಕೊಡುತ್ತದೆ. ಗನ್ನನ್ನು ಒಂದು ಗೇಣು ದೂರದಲ್ಲಿ ಹಿಡಿದರೆ ನೀರು ಸೀಲಿನ ಅಂಚನ್ನು ಎತ್ತಿ ಒಳಗೆ ನುಗ್ಗುತ್ತದೆ. ಅಂಥ ಹೊಡೆತ ತಡೆಯಲು ಐಪಿ 69ಕೆ ಎಂಬ ಬೇರೆಯೇ ದರ್ಜೆ ಇದೆ. ಸಾಮಾನ್ಯ ಕಾರಿನ ಎಲ್ಲ ಕಪ್ಲರ್‌ಗಳೂ ಅದರಲ್ಲಿ ಪಾಸಾಗಿರುವುದಿಲ್ಲ. ಹತ್ತು ವರ್ಷದ ಬಿಸಿಗೆ ಗಟ್ಟಿಯಾದ ಸೀಲ್ ಆದರೆ ಕೇಳುವುದೇ ಬೇಡ. ಮಳೆ ಮೇಲಿನಿಂದ ಬೀಳುತ್ತದೆ, ಬಾನೆಟ್ ಅದನ್ನು ತಡೆಯುತ್ತದೆ. ಎರಡಕ್ಕೂ ಹೋಲಿಕೆಯೇ ಇಲ್ಲ.

ದಾರಿಯಲ್ಲಿ

ತೊಳೆದ ಕೂಡಲೇ ಗಾಡಿ ಸ್ಟಾರ್ಟ್ ಆಯಿತು. ಸ್ವಲ್ಪ ಕುಲುಕುತ್ತಿತ್ತು. "ಓಡಿಸಿ, ಎಂಜಿನ್ ಬಿಸಿಗೆ ಒಣಗ್ತದೆ" ಎಂದು ಅಲ್ಲಿಯವರು ಹೇಳಿ ಕಳಿಸಿದರು. ಈ ಮಾತು ಎಲ್ಲ ಕಡೆ ಕೇಳುತ್ತದೆ. ತಗಡಿನ ಮೇಲಿನ ನೀರಿನ ಮಟ್ಟಿಗೆ ನಿಜ ಕೂಡ.

ಮೊದಲ ಚಡಾವಿನಲ್ಲೇ ಪಿಕಪ್ ಇಲ್ಲವಾಯಿತು. ಗಾಡಿ ಮಿಸ್ಸಿಂಗ್ ಹೊಡೆಯತೊಡಗಿತು. ಎಂಜಿನ್ನಿನಲ್ಲಿ ತೊಂದರೆ ಇದ್ದರೆ ಹೊತ್ತುವ ಹಳದಿ ಚೆಕ್ ಲೈಟ್ ಬಂತು, ಆಮೇಲೆ ಮಿಣುಕತೊಡಗಿತು. ಹುಡುಗ ಆ ಚಡಾವನ್ನು ಹೇಗೋ ಹತ್ತಿಸಿದ. ಸುಟ್ಟ ವಾಸನೆ ಬಂದಾಗ ಹೆದರಿ ನನಗೆ ಫೋನ್ ಮಾಡಿದ.

"ಅಣ್ಣ, ಗಾಡಿ ಕುಲುಕ್ತಾ ಉಂಟು. ಚೆಕ್ ಲೈಟ್ ಮಿಣುಕ್ತಾ ಉಂಟು. ಮೆಲ್ಲ ಬಿಟ್ಟುಕೊಂಡು ಬರ್ಲಾ?"

"ಬೇಡ ಮಾರಾಯ. ಬದಿಗೆ ಹಾಕಿ ಆಫ್ ಮಾಡು. ಇನ್ನು ಸ್ಟಾರ್ಟ್ ಮಾಡ್ಲೇ ಬೇಡ."

"ಮಾವ ಬೈತಾರೆ ಅಣ್ಣ, ಸಂಜೆಗೆ ಗಾಡಿ ನೋಡ್ಲಿಕ್ಕೆ ಜನ ಬರ್ತಾರೆ."

"ಮಾವನ ಹತ್ರ ನಾನು ಮಾತಾಡ್ತೇನೆ. ನೀನು ಆಫ್ ಮಾಡು."

ಅವನು ಮಾತು ಕೇಳಿದ. ಗಾಡಿಯನ್ನು ಉಳಿಸಿದ್ದು ಇದೇ. ಚೆಕ್ ಲೈಟ್ ಸುಮ್ನೆ ಹೊತ್ತಿಕೊಂಡೇ ಇದ್ದರೆ ಮೆಲ್ಲ ಓಡಿಸಿ ಗ್ಯಾರೇಜಿಗೆ ಬರಬಹುದು. ಮಿಣುಕಿದರೆ ಅರ್ಥ ಬೇರೆ. ಒಂದು ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುತ್ತಿಲ್ಲ. ಉರಿಯದ ಪೆಟ್ರೋಲ್ ಹಾಗೇ ಸೈಲೆನ್ಸರ್ ದಾರಿಗೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿಯುತ್ತದೆ. ಅದರೊಳಗಿನ ಸಣ್ಣ ಸಣ್ಣ ತೂತುಗಳ ಸೆರಾಮಿಕ್ ಗಟ್ಟಿ ಅತಿಯಾಗಿ ಕಾದು ಕರಗಬಹುದು. ಆ ಒಂದು ಭಾಗದ ಬೆಲೆ ಹಳೆಯ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲೇ ಆಗುತ್ತದೆ.

ಹಗ್ಗ ಕಟ್ಟಿ ಜೀಪಿನಲ್ಲಿ ಎಳೆದು ತಂದೆವು.

ಮೊದಲ ಸಲ ಬಿಚ್ಚಿದಾಗ

ಮಾಷ್ಟ್ರು ಬೆಳಿಗ್ಗೆಯೇ ಬಂದರು. ಅಷ್ಟರಲ್ಲಿ ಪರಿಚಯದವರೊಬ್ಬರು ಫೋನಿನಲ್ಲೇ ಕಾಯಿಲೆ ಪತ್ತೆ ಮಾಡಿಯಾಗಿತ್ತು. "ನಾಲ್ಕೂ ಕಾಯಿಲ್ ಹೋಗಿದೆಯಂತೆ. ಎಲ್ಲ ಹೊಸತು ಹಾಕಬೇಕಂತೆ. ನೀನು ಎಂತ ಹೇಳ್ತಿ?" ಎಂದು ಕೇಳಿದರು. ಕಾಯಿಲ್ ಅಂದರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಭಾಗ.

"ನೋಡಿ ಹೇಳ್ತೇನೆ ಮಾಷ್ಟ್ರೇ. ನೋಡದೆ ಒಂದು ಸ್ಕ್ರೂ ಕೂಡ ಹೊಸತು ಹಾಕುವುದಿಲ್ಲ" ಎಂದೆ.

ಸ್ಕ್ಯಾನರ್ ಹಾಕಿದರೆ ಪಿ0300 ಮತ್ತು ಪಿ0302 ಎಂಬ ದೋಷದ ಕೋಡ್ ಬಂತು. ಮೊದಲಿನದ್ದು ಒಟ್ಟಾರೆ ಮಿಸ್ಸಿಂಗ್ ಇದೆ ಎನ್ನುತ್ತದೆ. ಎರಡನೆಯದ್ದು ಎರಡನೇ ಸಿಲಿಂಡರನ್ನು ಬೆರಳಿಟ್ಟು ತೋರಿಸುತ್ತದೆ. ಈ ಬಗೆಯ ಎಂಜಿನ್ನಿನಲ್ಲಿ ಪ್ರತಿ ಸ್ಪಾರ್ಕ್ ಪ್ಲಗ್ಗೂ ಆಳವಾದ ಕುಳಿಯ ತಳದಲ್ಲಿ ಕೂತಿರುತ್ತದೆ. ಮೇಲಿನಿಂದ ಕಾಯಿಲ್ ಇಳಿದು ಅದನ್ನು ಹಿಡಿಯುತ್ತದೆ. ಕಾಯಿಲ್ಲಿನ ಕೊರಳಿಗೆ ಒಂದು ರಬ್ಬರ್. ಆ ರಬ್ಬರ್ ಸಡಿಲವಾದರೆ ಕುಳಿಗೆ ನೀರು ಇಳಿಯುತ್ತದೆ. ಇಳಿದದ್ದು ಮೇಲೆ ಬರಲು ದಾರಿಯಿಲ್ಲ. ಬಿಸಿಗೆ ಆವಿಯಾದರೂ ಅಲ್ಲೇ ತಿರುಗುತ್ತದೆ. "ಓಡಿಸಿದರೆ ಒಣಗ್ತದೆ" ಎಂಬ ಮಾತು ಸೋಲುವುದು ಇಲ್ಲಿ.

ಎರಡನೇ ಕುಳಿಯಲ್ಲಿ ನೀರು ನಿಂತಿತ್ತು. ಮೂರನೆಯದರಲ್ಲಿ ತೇವ. ನೀರಿನ ಮೇಲೆ ಎಣ್ಣೆಯ ಪೊರೆಯೂ ಇತ್ತು. ಅದು ನನಗೆ ಮುಖ್ಯವಾಗಿ ಕಂಡಿತು, ಮುಂದೆ ಹೇಳುತ್ತೇನೆ.

ನೀರು ಇರುವಾಗ ಪ್ಲಗ್ ಬಿಚ್ಚಬಾರದು. ಬಿಚ್ಚಿದರೆ ಆ ನೀರು, ಮಣ್ಣು ನೇರ ಸಿಲಿಂಡರಿನೊಳಗೆ ಬೀಳುತ್ತದೆ. ಸಿರಿಂಜಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ ನೀರು ಎಳೆದೆವು. ಬಟ್ಟೆ ಸುತ್ತಿದ ಕಡ್ಡಿಯಿಂದ ತಳ ಒರೆಸಿದೆವು. ಆಮೇಲೆ ಮೆಲ್ಲ ಗಾಳಿ ಹೊಡೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ, ಕೊನೆಗೆ ಪ್ಲಗ್ ತೆಗೆದೆವು. ಎರಡನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕಪ್ಪು ಗೆರೆ ಕಾಣಿಸಿತು. ಕರೆಂಟು ನೀರಿನ ದಾರಿಯಲ್ಲಿ ಹರಿದ ಗುರುತು ಅದು. ಅಂಥ ಪ್ಲಗ್ಗನ್ನು ಒರೆಸಿ ಮತ್ತೆ ಹಾಕಬಾರದು, ಕರೆಂಟು ಅದೇ ಗೆರೆಯನ್ನು ಹಿಡಿಯುತ್ತದೆ. ಪ್ಲಗ್ ಹೊಸತು ಹಾಕಿದೆವು, ಕಾಯಿಲ್ ಹಳೆಯದ್ದೇ. ಗಾಡಿ ಚೆನ್ನಾಗಿ ಓಡಿತು.

ಮಾಷ್ಟ್ರು ಖುಷಿಯಲ್ಲಿ ಒಯ್ಯುತ್ತೇನೆ ಎಂದರು. ಒಂದು ರಾತ್ರಿ ಇಲ್ಲೇ ಇರಲಿ ಎಂದೆ. ತೇವದ ತೊಂದರೆ ತಣಿದ ಗಾಡಿಯಲ್ಲೇ ಸರಿಯಾಗಿ ಕಾಣುವುದು.

ಮರುದಿನ

ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮತ್ತೆ ಎರಡನೇ ಸಿಲಿಂಡರ್ ಮಿಸ್ಸಿಂಗ್.

ಈಗ "ಕಾಯಿಲ್ ಹೋಗಿದೆ" ಎನ್ನುವುದು ಬಹಳ ಸುಲಭ. ನನ್ನ ಜೊತೆ ಕೆಲಸ ಮಾಡುವವನೂ ಅದನ್ನೇ ಹೇಳಿದ. ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಇದೆ. ಎರಡನೇ ಕಾಯಿಲನ್ನು ನಾಲ್ಕನೆಯದರ ಜಾಗಕ್ಕೂ, ನಾಲ್ಕನೆಯದನ್ನು ಎರಡಕ್ಕೂ ಹಾಕುವುದು. ಕಾಯಿಲ್ ಕೆಟ್ಟಿದ್ದರೆ ತೊಂದರೆ ಅದರ ಜೊತೆ ನಾಲ್ಕಕ್ಕೆ ಹೋಗಬೇಕು, ಕೋಡ್ ಪಿ0304 ಆಗಬೇಕು. ಹಾಗಾಗಲಿಲ್ಲ. ಪಿ0302 ಅಲ್ಲಾಡದೆ ನಿಂತಿತು. ಹಾಗಾದರೆ ಕಾಯಿಲ್ ಸರಿ ಇದೆ, ಪ್ಲಗ್ ಹೊಸತು. ನೀರು ಹೊಡೆದ ಗಾಡಿಯಲ್ಲಿ ಇನ್ನು ಮೊದಲು ನೋಡಬೇಕಾದದ್ದು ವಯರ್ ಮತ್ತು ಕಪ್ಲರ್, ಅಲ್ವಾ?

ವಯರಿನ ಮೇಲಿನ ಟೇಪು ಬಿಚ್ಚುತ್ತಾ ಹೋದೆವು. ಕಪ್ಲರಿನಿಂದ ಸ್ವಲ್ಪ ದೂರದಲ್ಲಿ ವಯರಿನ ಸಿಪ್ಪೆಯನ್ನು ಇಲಿ ಕಡಿದಿತ್ತು. ಒಳಗಿನ ತಾಮ್ರ ಹಸಿರಾಗಿತ್ತು. ಕಪ್ಲರಿನ ಒಂದು ಪಿನ್ನೂ ಹಸಿರು. ಪೂರ್ತಿ ತುಂಡಾಗದ ಕಾರಣ ಇಷ್ಟು ದಿನ ಗಾಡಿ ಓಡುತ್ತಿತ್ತು. ಹೊಡೆದ ನೀರು ಅಲ್ಲಿಂದ ಹೊಕ್ಕು ವಯರಿನೊಳಗೇ ಜಾರಿ ಪಿನ್ನಿಗೆ ಇಳಿದಿತ್ತು. ಪ್ಲಾಸ್ಟಿಕ್ ಕವರಿನ ಕೆಳಗೆ ಅಡಕೆ ಸಿಪ್ಪೆ ನಾರು, ತೆಂಗಿನ ನಾರು, ಹರಿದ ಬಟ್ಟೆ ಸೇರಿಸಿ ಕಟ್ಟಿದ ಗೂಡು ಇತ್ತು. ಡೀಸೆಲ್ಲಿನಲ್ಲಿ ನೆನೆದ ಒಣ ನಾರು, ಎಕ್ಸಾಸ್ಟಿನಿಂದ ಒಂದು ಮೊಳ ದೂರದಲ್ಲಿ. ಅದನ್ನು ನೋಡಿ ಮಾಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ತೊಳೆಯುವ ಮೊದಲು ಯಾರಾದರೂ ಆ ಕವರ್ ಎತ್ತಿ ನೋಡಿದ್ದರೆ ಸಾಕಿತ್ತು. ಗೂಡು ಕಾಣುತ್ತಿತ್ತು, ಗೂಡಿನ ಹತ್ತಿರದ ವಯರ್ ನೋಡಬೇಕೆಂದು ಯಾರಿಗಾದರೂ ಹೊಳೆಯುತ್ತಿತ್ತು.

ಅಳಿಸಿ ಹೋದ ಎಣ್ಣೆ

ಕುಳಿಯಲ್ಲಿ ಕಂಡ ಎಣ್ಣೆಯ ವಿಷಯ ಬಾಕಿ ಇತ್ತು. ಬಾನೆಟ್ ಒಳಗೆ ಅಷ್ಟು ಕೆಸರು ಕಟ್ಟಲು ಕಾರಣವೇ ಎಣ್ಣೆ ಸೋರಿಕೆ. ಬರೀ ಧೂಳು ಅಂಟುವುದಿಲ್ಲ, ಎಣ್ಣೆ ಇದ್ದಲ್ಲಿ ಅಂಟುತ್ತದೆ. ಕೆಸರು ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಹಸಿ, ಎಲ್ಲಿ ಒಣಗಿದೆ ಎಂದು ನೋಡಿದರೆ ಸೋರುವ ಜಾಗ ತಾನಾಗಿ ಸಿಗುತ್ತದೆ. ಪರೀಕ್ಷೆಗೆ ಬಂದ ವೈದ್ಯರ ಎದುರು ಗಾಯ ಮುಚ್ಚಿದ ಹಾಗೆ, ಇಲ್ಲಿ ಎಲ್ಲ ತೊಳೆದು ಹೋಗಿತ್ತು. ಸೋರಿಕೆ ಮಾತ್ರ ಹಾಗೇ ಉಳಿದಿತ್ತು.

ಹಾಗಾಗಿ ವಯರ್ ಸರಿಮಾಡಿ, ಕಪ್ಲರ್ ಬದಲಿಸಿ, ಎಂಜಿನ್ನಿನ ಮೇಲ್ಭಾಗ ಒರೆಸಿ ಗಾಡಿಯನ್ನು ಕೆಲವು ದಿನ ಓಡಿಸಲು ಕೊಟ್ಟೆ. ತಿರುಗಿ ಬಂದಾಗ ಎಂಜಿನ್ನಿನ ತಲೆ ಮುಚ್ಚುವ ಟ್ಯಾಪೆಟ್ ಕವರಿನ ಹಿಂಬದಿ ಅಂಚಿನಲ್ಲಿ ಹೊಸ ಎಣ್ಣೆಯ ಗೆರೆ ಕಂಡಿತು. ಎರಡನೇ ಕುಳಿಯ ಸೀಲಿನಲ್ಲೂ ಎಣ್ಣೆ. ಟ್ಯಾಪೆಟ್ ಕವರ್ ಪ್ಯಾಕಿಂಗ್ ಮತ್ತು ಕುಳಿಗಳ ಸೀಲ್ ಹೊಸತು ಹಾಕಿದೆವು. ಡೀಸೆಲ್ ಬಿದ್ದ ಫ್ಯಾನ್ ಬೆಲ್ಟ್ ಕಿರುಚುತ್ತಿತ್ತು, ಅದನ್ನೂ ಬದಲಿಸಿದೆವು. ರೇಡಿಯೇಟರ್ ಹೋಸುಗಳನ್ನು ಸೋಪು ನೀರಿನಲ್ಲಿ ಒರೆಸಿ ತೆಗೆದೆವು. ಆ ಹೋಸುಗಳ ರಬ್ಬರ್ ಹೆಚ್ಚಾಗಿ ಇಪಿಡಿಎಂ ಎಂಬ ಜಾತಿಯದ್ದು. ಬಿಸಿನೀರನ್ನು ಬಹಳ ವರ್ಷ ತಾಳುತ್ತದೆ, ಡೀಸೆಲ್ ಸೀಮೆಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಗ್ಯಾರೇಜುಗಳಲ್ಲಿ ಸೀಮೆಎಣ್ಣೆಯಿಂದ ಬಿಡಿ ಭಾಗ ತೊಳೆಯುವುದು ಬೇರೆ, ಜೋಡಿಸಿದ ಎಂಜಿನ್ನಿಗೆ ಹೊಡೆಯುವುದು ಬೇರೆ. ಪೆಟ್ರೋಲ್ ಅಂತೂ ಯಾವ ಕಾರಣಕ್ಕೂ ಕೂಡದು.

ಸರಿಯಾಗಿ ಶುಚಿ ಮಾಡಿದ್ದು

ಎಲ್ಲ ಸರಿಯಾದ ಮೇಲೆ ಮಾಷ್ಟ್ರು "ಈಗ ಶುಚಿ ಮಾಡುವುದು ಹೇಗೆ ಅಂತ ಇವನಿಗೆ ತೋರಿಸಿಕೊಡು" ಎಂದು ಸೋದರಳಿಯನನ್ನು ಕಳಿಸಿದರು. ಅವನೂ ನಾನೂ ಸೇರಿ ಮಾಡಿದೆವು. ಈ ಭಾಗವನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಗಾಡಿ ಪೂರ್ತಿ ತಣಿಯಬೇಕು. ಮ್ಯಾನಿಫೋಲ್ಡ್ ಮೇಲೆ ಕೈ ಇಡುವಷ್ಟು. ರಾತ್ರಿ ನಿಲ್ಲಿಸಿದ ಗಾಡಿಗೆ ಬೆಳಿಗ್ಗೆ ಮಾಡುವುದು ಒಳ್ಳೆಯದು. ನಮ್ಮ ಕಡೆ ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದೂ ಉಂಟು. ಬೆಳಿಗ್ಗೆ ಶುರು ಮಾಡಿದರೆ ಒಣಗಲು ಬಿಸಿಲು ಸಿಗುತ್ತದೆ. ಆಮೇಲೆ ನೀರು ಮುಟ್ಟುವ ಮೊದಲು ಎಲ್ಲ ಬದಿಯಿಂದ ಫೋಟೋ ತೆಗೆದೆವು. ಎಲ್ಲಿ ಎಣ್ಣೆ, ಎಲ್ಲಿ ಯಾವ ಪೈಪು ಎಂದು ಆಮೇಲೆ ನೋಡಲು ಅದೇ ದಾಖಲೆ.

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು, ಕೊನೆಗೆ ಜೋಡಿಸಬೇಕು. ಇದರಿಂದ ಶಾರ್ಟ್ ಆಗುವ ಭಯ ತಪ್ಪುತ್ತದೆ. ಕೆಲವು ಗಾಡಿಗಳಲ್ಲಿ ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಇದ್ದರೂ ತಿರುಗುತ್ತದೆ, ಆ ಅಪಾಯವೂ ಇಲ್ಲ. ಟರ್ಮಿನಲ್ಲಿಗೆ ಬಿಳಿ ಹುಡಿ ಬಂದಿತ್ತು. ಅಡುಗೆ ಸೋಡಾ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಬ್ರಷ್ಷಿನಿಂದ ಉಜ್ಜಿ ಒರೆಸಿದೆವು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಗಾಡಿಗಳ ಹೈ ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ಮಾತ್ರ ಮನೆಯಲ್ಲಿ ಕೈ ಹಾಕಲೇಬೇಡಿ.

ಇಲಿ ಗೂಡು ಇದ್ದ ಜಾಗ ಬೇರೆಯೇ ಎಚ್ಚರಿಕೆ ಕೇಳುತ್ತದೆ. ಇಲಿ ಜ್ವರ ಹರಡುವುದು ಇಲಿಯ ಮೂತ್ರದಿಂದ. ಮಳೆಗಾಲದಲ್ಲಿ ಕೇರಳದಲ್ಲಿ ಎಷ್ಟೋ ಜೀವ ತೆಗೆಯುವ ಕಾಯಿಲೆ ಅದು. ಕೈಯಲ್ಲಿ ಸಣ್ಣ ಗಾಯ ಇದ್ದರೂ ಸಾಕು. ಒಣ ಗೂಡನ್ನು ಗುಡಿಸಬಾರದು, ಗಾಳಿ ಹೊಡೆದು ಹಾರಿಸಬಾರದು. ರಬ್ಬರ್ ಕೈಗವಸು ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಸೋಂಕು ಕೊಲ್ಲುವ ದ್ರವ ಚಿಮುಕಿಸಿ ಒದ್ದೆ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಹಿಡಿದು ತೆಗೆಯಬೇಕು. ಬ್ಲೀಚಿಂಗ್ ಪೌಡರ್ ನೀರಾದರೆ ಗೂಡು ತೆಗೆದ ಕೂಡಲೇ ಸಾದಾ ನೀರಿನ ಬಟ್ಟೆಯಿಂದ ಒರೆಸಿ, ಅದು ಲೋಹವನ್ನು ತಿನ್ನುತ್ತದೆ. ಗೂಡನ್ನು ಕಂಡ ದಿನವೇ ಹೀಗೆ ತೆಗೆದಿದ್ದೆವು. ಇವತ್ತು ಉಳಿದ ನಾರು, ಹಿಕ್ಕೆ ತೆಗೆದೆವು.

ವೈಪರಿನ ಕೆಳಗಿನ ತೊಟ್ಟಿಯಲ್ಲಿ ಒಣ ಎಲೆ ತುಂಬಿತ್ತು. ಅದರ ನೀರು ಹೋಗುವ ತೂತು ಮುಚ್ಚಿದರೆ ಮಳೆನೀರು ಕ್ಯಾಬಿನ್ನಿನ ಒಳಗೆ ಬರುತ್ತದೆ. ಎಲೆ ಕೈಯಲ್ಲೇ ಬಾಚಿ ತೆಗೆದೆವು. ನಂತರ ಡೈನಮೋ, ಫ್ಯೂಸ್ ಬಾಕ್ಸ್, ಇಸಿಎಂ (ಎಂಜಿನ್ನಿನ ಕಂಪ್ಯೂಟರ್), ಏರ್ ಫಿಲ್ಟರಿನ ಬಾಯಿ, ಕಾಯಿಲ್ ಸಾಲು ಎಲ್ಲದಕ್ಕೂ ಪ್ಲಾಸ್ಟಿಕ್ ಕಟ್ಟಿದೆವು. ಕಟ್ಟಿದ ತುಂಡುಗಳನ್ನು ಎಣಿಸಿಟ್ಟೆವು, ತೆಗೆಯುವಾಗ ಒಂದೂ ಒಳಗೆ ಉಳಿಯಬಾರದಲ್ಲ.

ಶುಚಿ ಮಾಡಿದ್ದು ನೀರಿನಲ್ಲಿ ಕರಗುವ, ಎಣ್ಣೆ ಜಿಡ್ಡು ತೆಗೆಯುವ ಡಿಗ್ರೀಸರಿನಿಂದ. ಕಾಸ್ಟಿಕ್ ಸೋಡಾ ಇರುವ ಅಗ್ಗದ ದ್ರವ ಅಲ್ಯೂಮಿನಿಯಂ ಭಾಗವನ್ನು ತಿಂದು ಕಪ್ಪು ಮಾಡುತ್ತದೆ, ಅದನ್ನು ದೂರ ಇಟ್ಟೆವು. ಡಿಗ್ರೀಸರನ್ನು ಬ್ರಷ್ಷಿಗೆ ಹಾಕಿ, ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಜಾಗ ಹಿಡಿದು ಉಜ್ಜಿ, ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ತೆಗೆದೆವು. ಬೆಲ್ಟಿಗೆ ತಾಗಿಸಲಿಲ್ಲ. ನೀರು ಬೇಕಾದದ್ದು ಕೈಪಂಪಿನ ಸಣ್ಣ ಸ್ಪ್ರೇ ಬಾಟ್ಲಿಯಷ್ಟು ಮಾತ್ರ. ಚೇಸಿಸ್ ನಂಬರ್ ಸ್ಪಷ್ಟವಾಗಿ ಕಂಡಿತು.

ಒರೆಸಿದ ಬಟ್ಟೆ, ಎಣ್ಣೆ ಕಲಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಾನು ಯಾವಾಗಲೂ ಕೇಳುತ್ತೇನೆ. ನಮ್ಮ ಮನೆಗಳಲ್ಲಿ ಬಾವಿ ಅಂಗಳದಲ್ಲೇ ಇರುತ್ತದೆ. ಮಾಷ್ಟ್ರ ಮನೆಯಲ್ಲಿ ಕುಡಿಯುವ ನೀರು ಗುಡ್ಡಕ್ಕೆ ಕೊರೆದ ಸುರಂಗದಿಂದ ಬರುತ್ತದೆ, ತೋಟಕ್ಕೂ ಅದೇ. ಅಂಥ ಕಡೆ ಅಂಗಳದಲ್ಲಿ ಎಂಜಿನ್ ತೊಳೆದರೆ ಎಣ್ಣೆ ಮುರಕಲ್ಲಿನ ಮಣ್ಣಿನಲ್ಲಿ ಇಳಿದು ಎಲ್ಲಿ ಬೇಕಾದರೂ ಹೋದೀತು. ಗ್ಯಾರೇಜಿನ ಸಿಮೆಂಟು ನೆಲದಲ್ಲೇ ಮಾಡಿ, ಕೆಳಗೆ ತಗಡಿನ ತಟ್ಟೆ ಇಟ್ಟು ನೀರು ಹಿಡಿದು, ಹಳೆ ಆಯಿಲ್ ಡ್ರಮ್ಮಿಗೆ ಹಾಕಿದೆವು.

ಬಾನೆಟ್ ತೆರೆದು ಬಿಸಿಲಿಗೆ ನಿಲ್ಲಿಸಿ ಮಧ್ಯಾಹ್ನದವರೆಗೆ ಬಿಟ್ಟೆವು. ಪ್ಲಾಸ್ಟಿಕ್ ಎಣಿಸಿ ತೆಗೆದೆವು. ಕಾಯಿಲ್ ಒಂದೊಂದನ್ನೂ ಎತ್ತಿ ಕುಳಿ ಒಣಗಿದೆಯೇ ನೋಡಿ, ಆಮೇಲೆ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿದೆವು. ಹುಡುಗನ ಮುಖ ನೋಡಬೇಕಿತ್ತು.

ಕೊನೆಗೆ ಆದದ್ದು

ಹೊಗೆ ಪರೀಕ್ಷೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿಯಾದ 0.3 ಶೇಕಡಾದ ಒಳಗೇ ಬಂತು. ಕನ್ವರ್ಟರ್ ತಟ್ಟಿ ನೋಡಿದರೆ ಒಳಗೆ ಏನೂ ಕಿಲಕಿಲ ಅನ್ನಲಿಲ್ಲ. ಎರಡನೇ ಚಡಾವನ್ನೂ ಹತ್ತಿಸಿದ್ದರೆ ಈ ಮಾತು ಹೇಳಲು ಆಗುತ್ತಿತ್ತೋ ಇಲ್ಲವೋ.

ಖರ್ಚಾದದ್ದು ಒಂದು ಪ್ಲಗ್, ಒಂದು ಕಪ್ಲರ್, ವಯರ್, ಪ್ಯಾಕಿಂಗ್ ಸೆಟ್, ಬೆಲ್ಟ್ ಮತ್ತು ಕೆಲಸದ ಕೂಲಿಗೆ. ಪ್ಯಾಕಿಂಗ್ ಹೇಗೂ ಬದಲಿಸಬೇಕಾದದ್ದೇ. ನಾಲ್ಕು ಕಾಯಿಲ್ ಹಾಕಿದ್ದರೆ ಇದಕ್ಕಿಂತ ಜಾಸ್ತಿ ಆಗುತ್ತಿತ್ತು, ಗಾಡಿ ಹಾಗೇ ಕುಲುಕುತ್ತಲೂ ಇರುತ್ತಿತ್ತು.

ಮಾರಾಟ ತಡವಾಯಿತು, ಆದರೆ ನಡೆಯಿತು. ಆದ ತೊಂದರೆ, ಮಾಡಿದ ರಿಪೇರಿ ಎಲ್ಲವನ್ನೂ ಮಾಷ್ಟ್ರು ಕೊಳ್ಳುವವರಿಗೆ ಬಿಚ್ಚಿ ಹೇಳಿದರು, ಬೆಲೆಯಲ್ಲೂ ಸ್ವಲ್ಪ ಬಿಟ್ಟುಕೊಟ್ಟರು. ನಾವು ಶುಚಿ ಮಾಡುವ ಮೊದಲಿನ ಮತ್ತು ನಂತರದ ಫೋಟೋಗಳನ್ನೂ ಕಳಿಸಿಕೊಟ್ಟರು. ಶೆಡ್ಡಿನ ಬದಿಯ ಸಿಪ್ಪೆ ರಾಶಿಯನ್ನು ಸೋದರಳಿಯ ತೋಟದ ಆಚೆ ತುದಿಗೆ ಹಾಕಿಸಿದ್ದಾನೆ. ಈಗ ಆ ಶೆಡ್ಡಿನಲ್ಲಿ ಅವನ ಬೈಕು ನಿಲ್ಲುತ್ತದೆ.